ಶೇ. 100ರ ಫಲಕದಲ್ಲಿ ಕಾಣದ ಹೆಸರುಗಳು

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಥಾಣೆಯಿಂದ ಕಲ್ಯಾಣ್‌ವರೆಗೆ ಯಾವ ಸ್ಟೇಷನ್ನಿನಲ್ಲಿ ಇಳಿದು ಹೊರಬಂದರೂ ಶಾಲೆಗಳ ಫ್ಲೆಕ್ಸ್‌ಗಳು ಕಣ್ಣಿಗೆ ಬೀಳುತ್ತವೆ. ಮೊದಲ ಮೂರು ಸ್ಥಾನ ಪಡೆದ ಮಕ್ಕಳ ಫೋಟೊ, ಅವರ ಅಂಕ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ‘ಶಾಲೆಯ ಫಲಿತಾಂಶ ಶೇ. 100’. ಮಕ್ಕಳು ಕಷ್ಟಪಟ್ಟು ಓದಿ ಪಡೆದದ್ದು, ಸಂತೋಷಪಡಬೇಕಾದದ್ದೇ. ಆದರೆ ಮಗುವಿಗೆ ಶಾಲೆ ಹುಡುಕುತ್ತಿರುವ ತಂದೆತಾಯಿಯೂ ಶಾಲೆ ನಡೆಸುವ ಸಂಘದ ಪದಾಧಿಕಾರಿಯೂ ಆ ಫಲಕದ ಮುಂದೆ ನಿಂತು ಇನ್ನೊಂದು ಲೆಕ್ಕ ಕೇಳಬೇಕು. ಇದೇ ತಂಡ ಒಂದನೆಯ ತರಗತಿಗೆ ಸೇರಿದಾಗ ಎಷ್ಟು ಮಕ್ಕಳಿದ್ದರು? ಎಂಟನೆಯದಕ್ಕೆ ಬಂದಾಗ ಎಷ್ಟು ಉಳಿದಿದ್ದರು? ಪರೀಕ್ಷೆಗೆ ಕೂತವರೆಷ್ಟು? ನಡುವೆ ಕಡಿಮೆಯಾದವರು ಎಲ್ಲಿಗೆ ಹೋದರು?

ಕೆಲವರು ಊರಿಗೆ ಮರಳಿರುತ್ತಾರೆ, ಕೆಲವರು ಬಾಡಿಗೆ ಹೆಚ್ಚಾಯಿತೆಂದು ಡೊಂಬಿವಲಿ ಬಿಟ್ಟು ಬದ್ಲಾಪುರದ ಕಡೆ ಮನೆ ಮಾಡಿರುತ್ತಾರೆ. ಇನ್ನು ಕೆಲವರ ದಾರಿ ಬೇರೆ. ಶಾಲೆಗೆ ಹೋಗದೆ ಹೊರಗಿನಿಂದ ಹತ್ತನೆಯ ಪರೀಕ್ಷೆ ಬರೆಯುವವರು ತುಂಬುವ ಅರ್ಜಿಗೆ ಮಹಾರಾಷ್ಟ್ರದಲ್ಲಿ ‘17 ನಂಬರ್ ಫಾರ್ಮ್’ ಎನ್ನುತ್ತಾರೆ. ಓದು ನಡುವೆ ನಿಂತು ದುಡಿಮೆಗೆ ಇಳಿದವರಿಗೆ ಅದು ನಿಜವಾದ ಆಸರೆ. ಅದೇ ಫಾರ್ಮು ಒಂಬತ್ತನೆಯ ತರಗತಿಯಲ್ಲಿ ಹಿಂದೆ ಬಿದ್ದ ಮಗುವನ್ನು ಶಾಲೆಯ ಪಟ್ಟಿಯಿಂದ ಮೆಲ್ಲನೆ ಹೊರಗಿಡುವುದಕ್ಕೂ ಬಳಕೆಯಾಗುತ್ತದೆ ಎಂಬುದು ಉಪನಗರಗಳ ಪಾಲಕರಿಗೆ ಹೊಸ ಸಂಗತಿಯಲ್ಲ. ಪರೀಕ್ಷೆಗೆ ಕೂತವರಲ್ಲಿ ಎಷ್ಟು ಮಂದಿ ಪಾಸಾದರು ಎಂಬುದಷ್ಟೇ ಫಲಕದ ಲೆಕ್ಕ. ಕೂರದಿದ್ದವರು ಭಾಗಿಸುವ ಸಂಖ್ಯೆಯಲ್ಲೇ ಇಲ್ಲ. ಒಂಬತ್ತನೆಯ ತರಗತಿಯಲ್ಲಿ ನಾಲ್ಕು ಮಕ್ಕಳನ್ನು ಕೈಬಿಟ್ಟು ಪಡೆದ 100ಕ್ಕಿಂತ ಆ ನಾಲ್ವರನ್ನೂ ಜೊತೆಗಿಟ್ಟುಕೊಂಡು ಪಡೆದ 92 ದೊಡ್ಡದು ಎಂದು ನಾನು ನಂಬುತ್ತೇನೆ. ನಮ್ಮ ಸಂಘಗಳ ವಾರ್ಷಿಕ ಮಹಾಸಭೆಗಳಲ್ಲಿ ಈ ಮಾತನ್ನು ಹೇಳುವವರು ಬೇಕು.

ಪಾಸಾದವರ ಶೇಕಡಾವಾರು ಎಷ್ಟು ಅಲುಗಾಡುವ ಸಂಖ್ಯೆ ಎಂಬುದನ್ನು ಮಹಾರಾಷ್ಟ್ರ ಮಂಡಳಿಯ ಅಂಕಿಗಳೇ ತೋರಿಸುತ್ತವೆ. 2018ರಲ್ಲಿ ರಾಜ್ಯದ ಹತ್ತನೆಯ ತರಗತಿಯ ಫಲಿತಾಂಶ ಶೇ. 89.41. ಮರುವರ್ಷ ಅದು 77.10ಕ್ಕೆ ಕುಸಿಯಿತು. ಆ ವರ್ಷ ಭಾಷಾ ವಿಷಯಗಳಲ್ಲಿ ಶಾಲೆಯೇ ಕೊಡುತ್ತಿದ್ದ ಆಂತರಿಕ ಅಂಕಗಳನ್ನು ತೆಗೆದುಹಾಕಲಾಗಿತ್ತು. ಪಾಲಕರು ಕಂಗಾಲಾದರು, ಅಂಕಗಳು ಮರಳಿ ಬಂದವು, 2020ರಲ್ಲಿ ಫಲಿತಾಂಶ 95.30ಕ್ಕೆ ಏರಿತು. ಕೋವಿಡ್‌ನಿಂದಾಗಿ ಪರೀಕ್ಷೆಯೇ ನಡೆಯದ 2021ರಲ್ಲಿ 99.95. ಈ ಮೂರು ವರ್ಷಗಳಲ್ಲಿ ಥಾಣೆಯ ಮಕ್ಕಳ ಬುದ್ಧಿಯಾಗಲಿ ಶಿಕ್ಷಕರ ಶ್ರದ್ಧೆಯಾಗಲಿ ಹೀಗೆ ಇಳಿದು ಏರಿರಲಿಲ್ಲ. ಬದಲಾದದ್ದು ಅಳೆಯುವ ಕ್ರಮ.

ಕರ್ನಾಟಕದಲ್ಲೂ ಇಂಥದ್ದೇ ಆಯಿತು. 2023ರಲ್ಲಿ ಶೇ. 83.89 ಇದ್ದ ಎಸ್‌ಎಸ್‌ಎಲ್‌ಸಿ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದ 2024ರಲ್ಲಿ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಹೆಚ್ಚಿಸಿದ ಮೇಲೆ. ಕೃಪಾಂಕದ ಆ ಹೆಚ್ಚಳವಿಲ್ಲದ 2025ರ ಮೊದಲ ಪರೀಕ್ಷೆಯಲ್ಲಿ 66.14. 2024ರ ಜಿಲ್ಲಾವಾರು ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ಶೇ. 94ರ ಉಡುಪಿ, ಕೊನೆಯಲ್ಲಿದ್ದದ್ದು ಸುಮಾರು 50ರ ಯಾದಗಿರಿ. ಆ ಪಟ್ಟಿಯ ಎರಡು ತುದಿಗಳೂ ನಮ್ಮ ಈ ಉಪನಗರಗಳಲ್ಲಿ ಒಟ್ಟಿಗೆ ಬದುಕುತ್ತಿವೆ. ಉಡುಪಿ ಕಡೆಯ ಹೋಟೆಲ್ ಕುಟುಂಬಗಳು ಡೊಂಬಿವಲಿಯ ಸೊಸೈಟಿಗಳಲ್ಲಿವೆ, ಯಾದಗಿರಿ–ಕಲಬುರಗಿ ಕಡೆಯ ಗಾರೆ ಕೆಲಸದವರು ಥಾಣೆ, ನವಿಮುಂಬಯಿಯ ನಾಕಾಗಳಲ್ಲಿ ಬೆಳಗ್ಗೆ ಕೆಲಸಕ್ಕಾಗಿ ನಿಂತಿರುತ್ತಾರೆ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಹಾಗಾದರೆ ಅಂಕಿ ಅಂಶಗಳೇ ಬೇಡವೇ? ಬೇಕು, ಬಹಳ ಬೇಕು. ಶಾಲೆಗೆ ಉಪಯೋಗವಾಗುವ ಅಂಕಿ ಯಾವುದು, ಅದು ಯಾರ ಕೈಗೆ ಎಷ್ಟು ದಿನದೊಳಗೆ ಸೇರಬೇಕು ಎಂಬುದನ್ನು ನಾವು ಯೋಚಿಸಿಲ್ಲ.

ಈಗ ಶಾಲೆಗಳು ಅಂಕಿ ತುಂಬುತ್ತಿಲ್ಲ ಎಂದಲ್ಲ. ಕೇಂದ್ರದ ಯುಡೈಸ್ ಇದೆ. ದೇಶದ ಪ್ರತಿ ಶಾಲೆಗೂ ಅದರಲ್ಲಿ 11 ಅಂಕೆಯ ಸಂಕೇತವಿದೆ, ಮೊದಲು ತರಗತಿವಾರು ಸಂಖ್ಯೆ ಕೇಳುತ್ತಿದ್ದದ್ದು 2022–23ರಿಂದ ಒಂದೊಂದು ಮಗುವಿನ ವಿವರ ಕೇಳುತ್ತದೆ. ಮಹಾರಾಷ್ಟ್ರಕ್ಕೆ ಪ್ರತ್ಯೇಕವಾಗಿ ‘ಸರಲ್’ ಪೋರ್ಟಲ್ ಇದೆ. ಶಾಲೆಯ ಸ್ವಮೌಲ್ಯಮಾಪನಕ್ಕೆ ಏಳು ಕ್ಷೇತ್ರಗಳ ‘ಶಾಲಾ ಸಿದ್ಧಿ’ 2015ರಲ್ಲಿ ಬಂತು. ಅನುದಾನಿತ ಶಾಲೆಗಳ ಎದೆ ಬಡಿತ ಹೆಚ್ಚಿಸುವ ‘ಸಂಚ್ ಮಾನ್ಯತಾ’ ಇದೆ. ಮಕ್ಕಳ ಸಂಖ್ಯೆ ನೋಡಿ ಇಷ್ಟು ಶಿಕ್ಷಕರಿಗೆ ಮಂಜೂರಾತಿ ಎಂದು ಅದು ತೀರ್ಮಾನಿಸುತ್ತದೆ. ಪಟ್ಟಿಯಲ್ಲಿ ಮಕ್ಕಳು ಕಡಿಮೆಯಾದರೆ ಶಿಕ್ಷಕರು ‘ಅತಿರಿಕ್ತ’ರಾಗಿ ಬೇರೆ ಶಾಲೆಗೆ ಹೋಗಬೇಕು. ಇಷ್ಟೆಲ್ಲ ತುಂಬುವವರು ಬಹುಪಾಲು ಶಿಕ್ಷಕರೇ. 2023ರಲ್ಲಿ ಮಹಾರಾಷ್ಟ್ರದ ಶಿಕ್ಷಕರು ‘ಆಮ್ಹಾಲಾ ಶಿಕವೂ ದ್ಯಾ’, ನಮಗೆ ಕಲಿಸಲು ಬಿಡಿ, ಎಂದು ಬೀದಿಗಿಳಿದದ್ದಕ್ಕೆ ಈ ಆನ್‌ಲೈನ್ ಕೆಲಸದ ಹೊರೆಯೂ ಒಂದು ಕಾರಣ.

ಈ ಅಂಕಿಗಳೆಲ್ಲ ಮೇಲಕ್ಕೆ ಹೋಗುತ್ತವೆ. ಜಿಲ್ಲೆಗೆ, ಪುಣೆಗೆ, ದಿಲ್ಲಿಗೆ. ಅಲ್ಲಿ ಅವುಗಳಿಂದ ಉಪಯೋಗವಿದೆ. ಯಾವ ತಾಲೂಕಿನಲ್ಲಿ ಶೌಚಾಲಯವಿಲ್ಲ, ಎಲ್ಲಿ ಶಿಕ್ಷಕರಿಲ್ಲ ಎಂದು ತಿಳಿಯುತ್ತದೆ. ಆದರೆ ಐದನೆಯ ತರಗತಿಯ ಶಿಕ್ಷಕಿಗೆ ನಾಳೆ ಬೆಳಗ್ಗೆ ಯಾವ ಪಾಠವನ್ನು ಮತ್ತೊಮ್ಮೆ ಮಾಡಬೇಕು ಎಂಬುದನ್ನು ಅವು ಹೇಳುವುದಿಲ್ಲ. ಮೇಲಾಗಿ ಅನುದಾನವೋ ಹುದ್ದೆಯೋ ಒಂದೇ ಸಂಖ್ಯೆಗೆ ಅಂಟಿಕೊಂಡಾಗ ಆ ಸಂಖ್ಯೆ ಕೆಡುತ್ತದೆ. 2011ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಮೂರು ದಿನ ರಾಜ್ಯದ ಶಾಲೆಗಳಲ್ಲಿ ಏಕಕಾಲಕ್ಕೆ ತಲೆ ಎಣಿಸಿದಾಗ, ಪುಸ್ತಕದಲ್ಲಿದ್ದು ತರಗತಿಯಲ್ಲಿ ಇಲ್ಲದ ಲಕ್ಷಾಂತರ ಹೆಸರುಗಳು ಬಯಲಾದವು. ಅಮೆರಿಕದ ಅಟ್ಲಾಂಟಾದಲ್ಲಿ ಮಕ್ಕಳ ಅಂಕದ ಮೇಲೆ ಶಾಲೆಗಳ ಮಾನ ನಿಂತಿತ್ತು. ಅಲ್ಲಿ ಶಿಕ್ಷಕರೇ ಮಕ್ಕಳ ಉತ್ತರಗಳನ್ನು ತಿದ್ದಿದ್ದರು ಎಂದು ಅದೇ 2011ರ ತನಿಖಾ ವರದಿ ಹೇಳಿತು. 44 ಶಾಲೆಗಳ 178 ಮಂದಿ ಅದರಲ್ಲಿ ಸಿಕ್ಕಿಬಿದ್ದರು. ಆದ್ದರಿಂದ ಶಾಲೆಯೊಳಗೆ ಇಡುವ ದಾಖಲೆಯನ್ನು ಶಿಕ್ಷಕರ ಬಡ್ತಿಗೂ ಶಿಕ್ಷೆಗೂ ಬಳಸುವುದಿಲ್ಲ ಎಂದು ಆಡಳಿತ ಮಂಡಳಿ ಮೊದಲೇ ಮಾತು ಕೊಡಬೇಕು. ಆ ಭರವಸೆ ಇಲ್ಲದ ಕಡೆ ನಿಜವಾದ ಸಂಖ್ಯೆ ಕಾಗದಕ್ಕೆ ಇಳಿಯುವುದಿಲ್ಲ.

ಉಪಯೋಗಕ್ಕೆ ಬರುವ ದಾಖಲೆ ಹೇಗಿರುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆ ಮುಂಬಯಿಯದೇ. 1990ರ ದಶಕದ ನಡುವಿನಲ್ಲಿ ಇಲ್ಲಿನ ಜೋಪಡಪಟ್ಟಿಗಳಲ್ಲಿ ಕೆಲಸ ಆರಂಭಿಸಿದ ‘ಪ್ರಥಮ್’ ಸಂಸ್ಥೆ ಮುಂದೆ ಒಂದು ಹಾಳೆಯ ಪರೀಕ್ಷೆಯನ್ನು ರೂಪಿಸಿತು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ, ಪದ, ಸಣ್ಣ ಪರಿಚ್ಛೇದ, ಸಣ್ಣ ಕತೆ, ಇವುಗಳಲ್ಲಿ ಎಲ್ಲಿಯವರೆಗೆ ಓದುತ್ತದೆ ಎಂದು ನೋಡುವುದು. ಮಗುವಿಗೆ ಕೆಲವೇ ನಿಮಿಷ ಸಾಕು. ಆಮೇಲೆ ವಯಸ್ಸು ಮತ್ತು ತರಗತಿಯನ್ನು ಬದಿಗಿಟ್ಟು, ಪದದವರೆಗೆ ಬಂದವರನ್ನು ಒಂದು ಗುಂಪು, ಅಕ್ಷರದಲ್ಲೇ ನಿಂತವರನ್ನು ಇನ್ನೊಂದು ಗುಂಪು ಮಾಡಿ ದಿನಕ್ಕಿಷ್ಟು ಹೊತ್ತು ಕಲಿಸುವುದು. ಹಿಂದೆ ಬಿದ್ದ ಮಕ್ಕಳಿಗೆ ಓಣಿಯ ಹುಡುಗಿಯೇ ಪಾಠ ಹೇಳುವ ಇದೇ ಸಂಸ್ಥೆಯ ‘ಬಾಲಸಖಿ’ ಯೋಜನೆಯನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರು ಮುಂಬಯಿ, ವಡೋದರಾಗಳಲ್ಲಿ ಅಧ್ಯಯನ ಮಾಡಿ ಪ್ರಯೋಜನವಿದೆ ಎಂದು ತೋರಿಸಿದರು. ಬ್ಯಾನರ್ಜಿ, ಡಫ್ಲೋ ಇಬ್ಬರೂ 2019ರ ನೊಬೆಲ್ ಹಂಚಿಕೊಂಡವರು. 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆ ಇದೇ ಹಾಳೆಯನ್ನು ಹಿಡಿದು ಹಳ್ಳಿಗಳ ಮನೆಮನೆಗೆ ಹೋಗುತ್ತದೆ. 2024ರಲ್ಲಿ ದೇಶದ ಹಳ್ಳಿಗಳ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಅರ್ಧದಷ್ಟೂ ಇರಲಿಲ್ಲ. ಅದು ಹಳ್ಳಿಗಳ ಸಮೀಕ್ಷೆಯಾದ್ದರಿಂದ ಶಹಾಪುರ, ಮುರಬಾಡದ ಹಳ್ಳಿಗಳಿಗೆ ಹೋದೀತು, ಡೊಂಬಿವಲಿಗೆ ಬರುವುದಿಲ್ಲ. ನಮ್ಮ ನಗರದ ಮಕ್ಕಳು ಓದುತ್ತಾರೋ ಇಲ್ಲವೋ ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಕನ್ನಡದಲ್ಲೂ ಇಂಥ ಪರಂಪರೆ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಚಿಗುರಿದ ‘ನಲಿ–ಕಲಿ’ಯ ಕೊಠಡಿಗೆ ಹೋದರೆ ಗೋಡೆಯ ಮೇಲೆ ‘ಕಲಿಕಾ ಏಣಿ’ ಕಾಣುತ್ತದೆ, ಪಕ್ಕದಲ್ಲಿ ‘ಪ್ರಗತಿ ನೋಟ’. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದು ಶಿಕ್ಷಕಿಗೂ ಮಗುವಿಗೂ ಗೊತ್ತು. ಜ್ವರ ಬಂದು ವಾರ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ರಿಷಿ ವ್ಯಾಲಿಯ ಶಾಲೆಗಳಲ್ಲಿ ಇದನ್ನು ಕಂಡುಬಂದ ಹಳ್ಳಿ ಶಿಕ್ಷಕರು ತಮ್ಮ ಕೊಠಡಿಗೆ ಹೊಂದಿಸಿಕೊಂಡರು. ಕಂಪ್ಯೂಟರ್ ಇಲ್ಲದೆ, ರಟ್ಟು ಮತ್ತು ಬಣ್ಣದ ಪೆನ್ನಿನಿಂದ ನಡೆದ ಮಾಹಿತಿ ನಿರ್ವಹಣೆ ಅದು. ಅಂಕಿ ಅಂಶ ಎಂದೊಡನೆ ಆ್ಯಪ್ ಕೊಳ್ಳಲು ಹೊರಡುವವರು ಇದನ್ನು ಒಮ್ಮೆ ನೋಡಬೇಕು.

ಈಗ ನಮ್ಮ ಶಾಲೆಗಳ ಮಾತು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯದಂತೆ ಈ ಉಪನಗರಗಳಲ್ಲಿ ಕನ್ನಡಿಗರು ಕಟ್ಟಿದ ಶಿಕ್ಷಣ ಸಂಸ್ಥೆಗಳಿವೆ. ಕಟ್ಟಿದವರಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ತಲೆಮಾರಿನವರಿದ್ದರು. ಒಂದು ಮಗುವೂ ಓದು ಬಿಡಬಾರದೆಂಬ ಹಟ ಅವರಿಗೆ ತಮ್ಮ ಬದುಕಿನಿಂದಲೇ ಬಂದದ್ದು. ಆ ಹಟಕ್ಕೆ ಇವತ್ತು ಮೂರು ಕಾಗದಗಳ ಬಲ ಕೊಡಬಹುದು ಎಂದು ನನಗೆ ಅನಿಸುತ್ತದೆ.

ಮೊದಲನೆಯದು ಹಾಜರಿ. ಇಲ್ಲಿನ ಶಿಕ್ಷಕರು ‘ಕ್ಯಾಟಲಾಗ್’ ಎನ್ನುವ ಪುಸ್ತಕದಲ್ಲಿ ಅದು ದಿನವೂ ಬರೆದಾಗುತ್ತದೆ, ತಿಂಗಳ ಕೊನೆಗೆ ಕೂಡಿಸಿ ಮುಚ್ಚಿಡಲಾಗುತ್ತದೆ. ತಿಂಗಳ ಸರಾಸರಿ ಶೇ. 88 ಎಂದು ತಿಳಿದರೆ ಯಾರಿಗೂ ಏನೂ ಉಪಯೋಗವಿಲ್ಲ. ಸತತ ಮೂರು ದಿನ ಬಾರದವರು ಯಾರು, ಪ್ರತಿ ಸೋಮವಾರ ತಪ್ಪಿಸುವವರು ಯಾರು, ಜೂನ್ ನಡುವಿನಲ್ಲಿ ಶಾಲೆ ತೆರೆದು ಎರಡು ವಾರವಾದರೂ ಊರಿನಿಂದ ಬಾರದವರು ಯಾರು ಎಂದು ಹೆಸರು ಹಿಡಿದು ನೋಡಿದರೆ ಕಾರಣ ಹೊರಬೀಳುತ್ತದೆ. ಒಬ್ಬನಿಗೆ ಕೊಂಕಣ ರೈಲಿನ ಟಿಕೆಟ್ ಸಿಕ್ಕಿಲ್ಲ. ಇನ್ನೊಬ್ಬಳ ತಾಯಿ ಮನೆಗೆಲಸಕ್ಕೆ ಹೋದಾಗ ತಮ್ಮನನ್ನು ನೋಡಿಕೊಳ್ಳಲು ಅವಳೇ ಮನೆಯಲ್ಲಿರಬೇಕು. ಮೊದಲನೆಯದಕ್ಕೆ ಬಿಟ್ಟುಹೋದ ಪಾಠ ಹೇಳಿಕೊಟ್ಟರೆ ಸಾಕು, ಎರಡನೆಯದಕ್ಕೆ ಪಕ್ಕದ ಅಂಗನವಾಡಿಯ ಸಮಯ ವಿಚಾರಿಸಬೇಕು. ಸರಾಸರಿಯೊಳಗೆ ಇಬ್ಬರೂ ಒಂದೇ.

ಎರಡನೆಯದು ಪ್ರಶ್ನೆವಾರು ಪಟ್ಟಿ. ಘಟಕ ಪರೀಕ್ಷೆ ಮುಗಿದ ಮೇಲೆ ಶಿಕ್ಷಕರು ಒಟ್ಟು ಅಂಕವನ್ನು ಬರೆಯುತ್ತಾರೆ. ಅದರ ಬದಲು ಎಡಕ್ಕೆ ಮಕ್ಕಳ ಹೆಸರು, ಮೇಲೆ ಪ್ರಶ್ನೆಯ ಸಂಖ್ಯೆ ಹಾಕಿ, ತಪ್ಪಿದ ಕಡೆ ಒಂದು ಗುರುತು ಮಾಡಿದರೆ ಚಿತ್ರವೇ ಬೇರೆ. ನಲವತ್ತು ಮಕ್ಕಳ ತರಗತಿ ಎಂದುಕೊಳ್ಳೋಣ. ಭಿನ್ನರಾಶಿಯ ಕೂಡುವ ಲೆಕ್ಕದ ಕೆಳಗೆ ಇಪ್ಪತ್ತೈದು ಗುರುತು ಬಿದ್ದರೆ ಆ ಪಾಠ ತಲುಪಿಲ್ಲ, ಇಡೀ ತರಗತಿಗೆ ಮತ್ತೊಮ್ಮೆ, ಬೇರೆ ರೀತಿಯಲ್ಲಿ ಹೇಳಬೇಕು. ನಾಲ್ಕೇ ಗುರುತು ಬಿದ್ದರೆ ಆ ನಾಲ್ವರನ್ನು ಕರೆದು ಕೂರಿಸಿಕೊಂಡರಾಯಿತು. ಒಂದು ಮಗುವಿನ ಸಾಲಿನಲ್ಲಿ ಸಂಕಲನ, ಗುಣಾಕಾರ ಎಲ್ಲ ಸರಿ, ಮಾತಿನಲ್ಲಿ ಕೊಟ್ಟ ಲೆಕ್ಕಗಳು ಮಾತ್ರ ತಪ್ಪಿದ್ದರೆ? ನಮ್ಮ ಮಕ್ಕಳ ವಿಷಯದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಇಲ್ಲಿ. ಮನೆಯಲ್ಲಿ ತುಳು ಅಥವಾ ಕನ್ನಡ, ಬೀದಿಯಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಅದೇ ಲೆಕ್ಕವನ್ನು ಶಿಕ್ಷಕಿ ಕನ್ನಡದಲ್ಲಿ ಓದಿ ಹೇಳಲಿ. ‘ಹದಿನೆಂಟು ಇಡ್ಲಿ, ಆರು ಜನ, ಒಬ್ಬರಿಗೆ ಎಷ್ಟು?’ ಮಗು ತಟ್ಟನೆ ‘ಮೂರು’ ಎಂದರೆ ಅದಕ್ಕೆ ಗಣಿತದ ಟ್ಯೂಷನ್ ಬೇಡ, ಇಂಗ್ಲಿಷ್ ಓದಿನ ಸಹಾಯ ಬೇಕು. ಇದನ್ನು ತಿಳಿಯದೆ ಎಷ್ಟೋ ತಂದೆತಾಯಿ ತಿಂಗಳ ಸಂಪಾದನೆಯ ಒಂದು ಪಾಲನ್ನು ಗಣಿತದ ಕ್ಲಾಸಿಗೆ ಸುರಿಯುತ್ತಿದ್ದಾರೆ, ಮಗು ತನಗೆ ಲೆಕ್ಕ ಬರುವುದಿಲ್ಲ ಎಂದು ನಂಬಿಕೊಂಡು ಬೆಳೆಯುತ್ತಿದೆ. ನನಗೆ ಇದು ಎಲ್ಲಕ್ಕಿಂತ ನೋವಿನ ಸಂಗತಿ.

ಈ ಪಟ್ಟಿ ಒಂದು ವಾರದೊಳಗೆ ಬಳಕೆಯಾಗಬೇಕು. ಅಕ್ಟೋಬರ್‌ನ ಪರೀಕ್ಷೆಯ ವಿಶ್ಲೇಷಣೆ ಜನವರಿಯಲ್ಲಿ ಕೈಗೆ ಬಂದರೆ ಅದು ಕಡತಕ್ಕೆ ಮಾತ್ರ.

ಮೂರನೆಯದು ತಂಡದ ಲೆಕ್ಕ. ಒಂದು ವರ್ಷ ಒಂದನೆಯ ತರಗತಿಗೆ ಸೇರಿದ ಅಷ್ಟೂ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ವರ್ಷ ವರ್ಷ ಯಾರು ಉಳಿದರು, ಯಾರು ಹೊಸದಾಗಿ ಬಂದರು, ಯಾರು ಯಾವ ಕಾರಣಕ್ಕೆ ಬಿಟ್ಟರು ಎಂದು ಗುರುತಿಸುತ್ತ ಹೋಗುವುದು. ಶಾಲೆಯ ‘ಜನರಲ್ ರಿಜಿಸ್ಟರ್’ನಲ್ಲೂ ಟಿಸಿ ಪುಸ್ತಕದಲ್ಲೂ ಇದೆಲ್ಲ ಇದೆ, ಒಂದೆಡೆ ತಂದು ನೋಡುವವರಿಲ್ಲ. ಒಂಬತ್ತನೆಯ ತರಗತಿಯಲ್ಲಿ ಬಿಟ್ಟವರ ಮುಂದೆ ‘17 ನಂಬರ್’ ಎಂದು ಬರೆಯಬೇಕಾಗಿ ಬಂದಾಗ ಆಡಳಿತ ಮಂಡಳಿಗೆ ಆ ಮಗು ಯಾವ ತರಗತಿಯಿಂದ ಹಿಂದೆ ಬೀಳುತ್ತ ಬಂತು ಎಂಬುದೂ ಕಾಣುತ್ತದೆ. ಎಂಟರವರೆಗೆ ಯಾರನ್ನೂ ಫೇಲು ಮಾಡದ ನಿಯಮವಿದ್ದಾಗ ಕೊರತೆ ಒಂಬತ್ತರಲ್ಲಿ ಒಮ್ಮೆಲೇ ಹೊರಬರುತ್ತಿತ್ತು. ಈಗ ಮಹಾರಾಷ್ಟ್ರ ಐದು ಮತ್ತು ಎಂಟನೆಯ ತರಗತಿಗೆ ಪರೀಕ್ಷೆಯನ್ನು ಮರಳಿ ತಂದಿದೆ. ಮೂರನೆಯ ತರಗತಿಯಲ್ಲೇ ಓದಲು ಬಾರದ ಮಗುವಿನ ಹೆಸರು ತಿಳಿದಿದ್ದರೆ ಐದರವರೆಗೆ ಕಾಯಬೇಕಾಗಿಲ್ಲ.

ಕನ್ನಡ ಮಾಧ್ಯಮದ ತರಗತಿಗಳ ಭವಿಷ್ಯವೂ ಈ ಹಾಳೆಯಲ್ಲಿದೆ. ಇವತ್ತು ಒಂದನೆಯ ತರಗತಿಯಲ್ಲಿ ಹನ್ನೆರಡು ಮಕ್ಕಳಿದ್ದರೆ ಹತ್ತನೆಯದರಲ್ಲಿ ಅದಕ್ಕಿಂತ ಹೆಚ್ಚು ಇರುವ ಸಂಭವ ಕಡಿಮೆ. ಒಂಬತ್ತು ವರ್ಷ ಮೊದಲೇ ತಿಳಿಯುವ ಸಂಗತಿ ಇದು. ಮಹಾರಾಷ್ಟ್ರದಲ್ಲಿ ಬಾಲಭಾರತಿ ಈಗಲೂ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಮಾಡುತ್ತದೆ. ಜತ್, ಅಕ್ಕಲಕೋಟೆ ತಾಲೂಕುಗಳ ಗಡಿ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಮುಂಬಯಿ ಸುತ್ತಮುತ್ತ ಮಾತ್ರ ಕನ್ನಡ ತರಗತಿ ಮುಚ್ಚುವ ಸುದ್ದಿ ಬಂದ ಮೇಲೆ ಸಭೆ ಕರೆಯುವ ಅಭ್ಯಾಸ ನಮ್ಮದು. ಒಂದನೆಯ ತರಗತಿಯ ಸಂಖ್ಯೆ ಎರಡು ವರ್ಷ ಸತತ ಇಳಿದಾಗಲೇ ಕೂತು ಮಾತಾಡಿದರೆ, ಮಾಧ್ಯಮ ಉಳಿಸಲಾಗದಿದ್ದರೂ ಕನ್ನಡವನ್ನು ಒಂದು ವಿಷಯವಾಗಿ ಉಳಿಸುವ ಯೋಜನೆ ಮಾಡಬಹುದು, ಶಿಕ್ಷಕರು ‘ಅತಿರಿಕ್ತ’ರಾಗುವ ಮೊದಲು ದಾರಿ ಹುಡುಕಬಹುದು. ಇಂಥ ಸಣ್ಣ ತರಗತಿಗಳ ಶೇಕಡಾವಾರನ್ನು ಹೋಲಿಸಲೇಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಹದಿನೈದು ಮಕ್ಕಳಲ್ಲಿ ಒಬ್ಬ ಫೇಲಾದರೆ ಫಲಿತಾಂಶ 100ರಿಂದ 93ಕ್ಕೆ ಇಳಿಯುತ್ತದೆ. ಅದನ್ನು ಶಾಲೆಯ ಕುಸಿತ ಎಂದು ಮುಖ್ಯೋಪಾಧ್ಯಾಯರನ್ನು ತರಾಟೆಗೆ ತೆಗೆದುಕೊಳ್ಳುವುದು ಅನ್ಯಾಯ. ಆ ಒಬ್ಬ ಯಾರು, ಮರುಪರೀಕ್ಷೆಗೆ ಅವನ ಜೊತೆ ಯಾರು ಕೂರುತ್ತಾರೆ ಎಂದು ಕೇಳಬೇಕು.

ಈ ಮೂರು ಕಾಗದಗಳಿಂದ ತಿಳಿದದ್ದು ಶಾಲೆಯ ಯೋಜನೆಗೆ ಸೇರಬೇಕು. ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಮುಕ್ಕಾಲು ಭಾಗ ಪಾಲಕರಿರುವ, ಅರ್ಧದಷ್ಟು ಮಹಿಳೆಯರಿರುವ ಸಮಿತಿ ಬೇಕೆನ್ನುತ್ತದೆ. ಸರ್ಕಾರಿ ಶಾಲೆಯ ಸಮಿತಿ ಶಾಲಾಭಿವೃದ್ಧಿ ಯೋಜನೆ ಬರೆಯಬೇಕೆಂದು 22ನೆಯದು ಹೇಳುತ್ತದೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಲ್ಪಸಂಖ್ಯಾತ ಸಂಸ್ಥೆಗಳು ಈ ಕಾಯ್ದೆಯ ಹೊರಗಿವೆ, ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಪಡೆದ ಕನ್ನಡ ಸಂಸ್ಥೆಗಳೂ ಹಾಗೆಯೇ. ಕಾನೂನು ಕೇಳದಿದ್ದರೂ ನಮ್ಮ ಶಾಲೆಗಳು ಯೋಜನೆ ಬರೆಯಲಿ. ಹೊಸ ಕಟ್ಟಡ, ಸ್ಮಾರ್ಟ್ ಬೋರ್ಡ್‌ಗಳ ಪಟ್ಟಿಗಿಂತ ಮೊದಲು ಅದರಲ್ಲಿ ‘ಮುಂದಿನ ಮಾರ್ಚ್‌ನೊಳಗೆ ಮೂರನೆಯ ತರಗತಿಯ ಪ್ರತಿ ಮಗುವೂ ಒಂದು ಪುಟದ ಕತೆ ಓದಬೇಕು, ಅದಕ್ಕೆ ದಿನಕ್ಕೆ ಒಂದು ತಾಸು, ಜವಾಬ್ದಾರಿ ಇಂಥವರದು’ ಎಂಬ ಸಾಲು ಇರಲಿ. ಪೋರ್ಟಲ್ ತುಂಬಲು ಸಂಘವೇ ಒಬ್ಬ ಗುಮಾಸ್ತರನ್ನು ನೇಮಿಸಿ ಆ ಹೊತ್ತನ್ನು ಶಿಕ್ಷಕರಿಗೆ ಮರಳಿಸಲಿ. ಶಾಲೋತ್ಸವದ ಒಂದು ಶಾಮಿಯಾನದ ಖರ್ಚಿನಿಂದ ಎಷ್ಟೋ ತಿಂಗಳ ಸಂಬಳ ಹೊರಡುತ್ತದೆ. ಹಿಂದೆ ಬಿದ್ದ ಮಕ್ಕಳ ಹೆಸರು ಶಿಕ್ಷಕರ ಪುಸ್ತಕದಲ್ಲಿರಲಿ, ಸೂಚನಾ ಫಲಕದ ಮೇಲಾಗಲಿ ಪಾಲಕರ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಬೇಡ.

ಇನ್ನು ಯಾವ ಶಾಲೆಯ ಕ್ಯಾಟಲಾಗಿನಲ್ಲೂ ಇಲ್ಲದ ಮಕ್ಕಳು. 1990ರ ದಶಕದಲ್ಲಿ ಆಗಿನ ಥಾಣೆ ಜಿಲ್ಲೆಯ ಇಟ್ಟಿಗೆ ಭಟ್ಟಿಗಳಲ್ಲಿ ‘ವಿಧಾಯಕ ಸಂಸದ್’ ಎಂಬ ಸಂಸ್ಥೆ ಕೂಲಿಗಳ ಗುಡಿಸಲುಗಳ ನಡುವೆಯೇ ‘ಭೋಂಗಾ ಶಾಲೆ’ಗಳನ್ನು ತೆರೆಯಿತು. ಆ ಕೆಲಸ ಶುರುವಾಗುವುದೇ ಎಣಿಕೆಯಿಂದ: ಭಟ್ಟಿಗೆ ಹೋಗಿ, ಅಲ್ಲಿರುವ ಮಕ್ಕಳನ್ನು ಕಂಡು, ಹೆಸರು ಬರೆದುಕೊಳ್ಳುವುದು. ಇವತ್ತು ಘೋಡ್‌ಬಂದರ್ ರಸ್ತೆಯ ಗೋಪುರಗಳು, ಉಲ್ವೆ, ಕಲ್ಯಾಣ್–ಶಿಳ್ ರಸ್ತೆ, ಎಲ್ಲೆಲ್ಲಿ ಕಟ್ಟಡ ಏಳುತ್ತಿದೆಯೋ ಅಲ್ಲಿ ಉತ್ತರ ಕರ್ನಾಟಕದ ಕುಟುಂಬಗಳೂ ಇರುತ್ತವೆ. ಊರಿನ ಶಾಲೆಯ ದಾಖಲೆಯಲ್ಲಿ ‘ದೀರ್ಘ ಗೈರುಹಾಜರಿ’ ಆಗಿರುವ ಮಗು ಇಲ್ಲಿ ಮರಳಿನ ರಾಶಿಯ ಪಕ್ಕದಲ್ಲಿರುತ್ತದೆ. ಪಾಲಿಕೆಯ ಶಿಕ್ಷಕರು ಸರ್ವೆಗೆ ಬಂದರೆ ಆ ತಾಯಿಗೆ ಅವರ ಮಾತು ಅರ್ಥವಾಗುವುದಿಲ್ಲ. ನಮಗೆ ಆಗುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ್, ವಾಶಿಯ ಸಂಘಗಳ ಮಹಿಳಾ ವಿಭಾಗ, ಯುವ ವಿಭಾಗಗಳು ಮೇ ತಿಂಗಳ ಕೆಲವು ಭಾನುವಾರ ಈ ಸೈಟುಗಳಿಗೆ ಹೋಗಿ ಮಗುವಿನ ಹೆಸರು, ವಯಸ್ಸು, ಊರು, ಅಲ್ಲಿ ಎಷ್ಟನೆಯ ತರಗತಿಯವರೆಗೆ ಓದಿದೆ ಎಂದು ಬರೆದುಕೊಂಡು ಬರಬಹುದು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಆ ಪಟ್ಟಿಯ ಒಂದು ಪ್ರತಿ ಜೂನ್ ಮೊದಲ ವಾರ ಪಾಲಿಕೆಯ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಲಿ, ಇನ್ನೊಂದು ಸಂಘದಲ್ಲಿರಲಿ. ಆಗಸ್ಟ್‌ನಲ್ಲಿ ಅದೇ ಪಟ್ಟಿ ಹಿಡಿದು ಅದೇ ಸೈಟಿಗೆ ಮತ್ತೊಮ್ಮೆ ಹೋಗಿ, ಯಾರು ಶಾಲೆಗೆ ಸೇರಿದ್ದಾರೆ, ಯಾರು ಇನ್ನೂ ಸೇರಿಲ್ಲ ಎಂದು ನೋಡಿ ಬರಬೇಕು.